ಗಿರಣಿಯ ಹಿಂದಿನ ಮೆಟ್ಟಿಲು

ತಮ್ಮನು ಕೋಣೆ ಸೇರಿ ಐದು ವರ್ಷ ಎರಡು ತಿಂಗಳಾಗಿತ್ತು. ಅದಕ್ಕೆ ಮೊದಲು ಅವನು ನಗರದ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವ ಕೆಲಸದಲ್ಲಿದ್ದ. ದಿನಕ್ಕೆ ಹನ್ನೊಂದು ಕಿಲೋಮೀಟರ್ ನಡೆಯುತ್ತಿದ್ದ, ನೂರಾ ನಲವತ್ತು ಗೇಟುಗಳನ್ನು ತೆಗೆದು ಮುಚ್ಚುತ್ತಿದ್ದ. ಒಂದು ಮಂಗಳವಾರ ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದು ಮಲಗಿದವನು ಬುಧವಾರ ಕೆಲಸಕ್ಕೆ ಹೋಗಲಿಲ್ಲ. ಗುರುವಾರವೂ ಹೋಗಲಿಲ್ಲ. ಅಕ್ಕ ಕಚೇರಿಗೇ ಹೋಗಿ ವಿಚಾರಿಸಿದಳು. ಯಾರೂ ಬೈದಿರಲಿಲ್ಲ, ಯಾವ ನಾಯಿಯೂ ಕಚ್ಚಿರಲಿಲ್ಲ, ಯಾರ ಜತೆಗೂ ಜಗಳವಾಗಿರಲಿಲ್ಲ. ಅವನ ಪುಸ್ತಕದಲ್ಲಿ ಅಂದಿನ ಎಂಬತ್ತೆರಡು ಮನೆಗಳ ಓದು ಒಂದಂಕಿಯೂ ತಪ್ಪಿಲ್ಲದೆ ನಮೂದಾಗಿತ್ತು. ಎಂಬತ್ತಮೂರನೆಯದರಿಂದ ಮುಂದೆ ಖಾಲಿ.

ಇಬ್ಬರು ವೈದ್ಯರು ಬಂದುಹೋದರು. ಮೊದಲನೆಯವರು ಬಾಗಿಲಾಚೆ ನಿಂತು ಮುಕ್ಕಾಲು ಗಂಟೆ ಮಾತಾಡಿ, ಗಂಟಲು ಒಣಗಿಸಿಕೊಂಡು ಹೋದರು. ಎರಡನೆಯವರು ಮಾತ್ರೆ ಬರೆದುಕೊಟ್ಟರು. ಮಾತ್ರೆ ತಟ್ಟೆಯ ಜತೆ ಒಳಗೆ ಹೋಗುತ್ತಿತ್ತು, ತಟ್ಟೆಯ ಜತೆಯೇ ಹೊರಗೆ ಬರುತ್ತಿತ್ತು. ಅಮ್ಮ ಮಾರುಕಟ್ಟೆಗೆ ಹೋದಾಗ, ಅಕ್ಕ ಕೆಲಸಕ್ಕೆ ಹೋದಾಗ ಅವನು ಬಾಗಿಲು ತೆಗೆದು ಬಚ್ಚಲಿಗೆ ಹೋಗುತ್ತಿದ್ದ. ಆ ದೂರವನ್ನು ಅಕ್ಕ ಒಮ್ಮೆ ನಡೆದು ಎಣಿಸಿದ್ದಳು. ಹನ್ನೊಂದು ಹೆಜ್ಜೆ.

ಒಳಗೆ ಅವನಿಗೆ ಜತೆಯಾಗಿದ್ದದ್ದು ‘ಏಳು ಹೊಳೆ’ ಎಂಬ ವಿಡಿಯೋ ಗೇಮ್. ಹದಿನೆಂಟು ವರ್ಷದಲ್ಲಿ ನಾಲ್ಕು ಭಾಗಗಳು ಬಂದಿದ್ದವು, ಆಡುವವರು ಕೋಟಿಗಟ್ಟಲೆ. ಆಡುವವನು ಅಂಬಿಗನಾಗುತ್ತಾನೆ. ನಾಡಿನ ಏಳು ಹೊಳೆಗಳಿಗೂ ಯಾರೋ ಕದ ಹಾಕಿರುತ್ತಾರೆ. ಒಂದೊಂದೇ ಕದ ತೆಗೆಯುತ್ತ, ದಡದಲ್ಲಿ ಏಳುವ ಮಬ್ಬು ಎಂಬ ಭೂತಗಳನ್ನು ಓಡಿಸುತ್ತ ಹೋಗಬೇಕು. ತಮ್ಮ ಹಗಲೆಲ್ಲ ಬಡಿದಾಡುತ್ತಿದ್ದಾನೆ ಎಂದೇ ಮನೆಯವರು ತಿಳಿದಿದ್ದರು. ಅಮ್ಮನಂತೂ, ಭೂತ ಅಷ್ಟೊಂದಿದ್ದರೆ ಒಂದೆರಡು ನಮ್ಮನೆಯಲ್ಲೂ ಉಳಕೊಂಡಿರಬೇಕು ಎಂದು ಒಮ್ಮೊಮ್ಮೆ ಹೇಳುತ್ತಿದ್ದಳು. ಅದು ತಮಾಷೆಯೋ ಅಲ್ಲವೋ ಎಂದು ಅಕ್ಕನಿಗೆ ತಿಳಿಯುತ್ತಿರಲಿಲ್ಲ.

ಅಕ್ಕನ ಕೆಲಸ ಥೀಮ್ ಪಾರ್ಕುಗಳಿಗೆ ನಕ್ಷೆ ಸಿದ್ಧಪಡಿಸುವ ಕಂಪನಿಯಲ್ಲಿ. ಅಲ್ಲಿ ಅವಳ ಪಾಲಿಗೆ ಬಂದಿರುವುದು ಅಳತೆ. ಚಿತ್ರದಲ್ಲಿ, ಕಥೆಯಲ್ಲಿ, ಗೇಮಿನಲ್ಲಿ ಇರುವ ಊರನ್ನು ನಿಜವಾದ ನೆಲದ ಮೇಲೆ ಕಟ್ಟಬೇಕಾದರೆ ಯಾವುದನ್ನು ಎಷ್ಟು ಕುಗ್ಗಿಸಬೇಕು ಎಂದು ಅವಳು ಲೆಕ್ಕ ಹಾಕಿ ಕೊಡಬೇಕು. ‘ಏಳು ಹೊಳೆ’ಯ ನಾಡನ್ನು ಕಟ್ಟುವ ಕೆಲಸ ಅವರ ಕಂಪನಿಗೇ ಬಂದ ದಿನ ಅವಳು ಮನೆಗೆ ಬಂದು, ಚಪ್ಪಲಿಯನ್ನೂ ಬಿಚ್ಚದೆ ತಮ್ಮನ ಬಾಗಿಲ ಮುಂದೆ ನಿಂತು ಅದನ್ನು ಹೇಳಿದಳು. ಐದು ವರ್ಷಗಳಲ್ಲಿ ಆ ಬಾಗಿಲಿನಿಂದ ಬಂದ ಮಾತೆಂದರೆ ‘ಹೂಂ’ ಮತ್ತು ‘ಬೇಡ’. ಅಂದು ಅದೂ ಬರಲಿಲ್ಲ. ಅವಳು ಕೈಕಾಲು ತೊಳೆದು ಬರುವಷ್ಟರಲ್ಲಿ ಬಾಗಿಲ ಸಂದಿಯಿಂದ ಒಂದು ಚೀಟಿ ಹೊರಗೆ ಬಂದಿತ್ತು. ಗೇಮಿನ ನೀರುಗಿರಣಿಯ ಚಕ್ರ ಯಾವ ಕಡೆಗೆ ತಿರುಗುತ್ತದೆ ಎಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದೆಯೇ ಎಂದು ಅದರಲ್ಲಿ ಕೇಳಿತ್ತು.

ಯಾರಿಗೂ ಗೊತ್ತಿರಲಿಲ್ಲ. ಕಚೇರಿಯ ಗೋಡೆಯ ಮೇಲಿನ ದೊಡ್ಡ ಚಿತ್ರದಲ್ಲಿ ಚಕ್ರ ತಪ್ಪು ದಿಕ್ಕಿಗೆ ತಿರುಗುತ್ತಿತ್ತು. ಅಕ್ಕ ಆ ಚೀಟಿ ತೋರಿಸಿದಾಗ ಚಿತ್ರ ಬರೆದವರು ಗೇಮನ್ನು ಹಾಕಿ ನೋಡಿ, ತೆಪ್ಪಗೆ ತಿದ್ದಿದರು. ಆ ಸುದ್ದಿಯನ್ನು ಅವಳು ಬಾಗಿಲಿಗೆ ಮುಟ್ಟಿಸಿದಳು. ಮರುದಿನ ಮೂರು ಚೀಟಿ ಬಂದವು. ಆ ವಾರದ ಕೊನೆಗೆ ಹದಿನೇಳಾದವು.

ಅಕ್ಕನ ಕಷ್ಟ ಬೇರೆಯೇ ಇತ್ತು. ಗೇಮಿನ ಅಂಬಿಗ ಸೆಕೆಂಡಿಗೆ ಏಳು ಮೀಟರ್ ಓಡುತ್ತಾನೆ, ದಣಿಯುವುದೇ ಇಲ್ಲ. ನೋಡುವ ಕಣ್ಣು ಅವನ ತಲೆಯ ಹಿಂದೆ, ಮೇಲೆ ತೇಲುವುದರಿಂದ ಅಲ್ಲಿನ ಬಾಗಿಲುಗಳೆಲ್ಲ ಮೂರೂವರೆ ಮೀಟರ್ ಎತ್ತರ. ಕಟ್ಟಲು ಸಿಕ್ಕ ಜಾಗ ಒಂದೂವರೆ ಹೆಕ್ಟೇರ್. ಅಲ್ಲಿ ನಡೆಯುವವರಲ್ಲಿ ಅಜ್ಜಿಯರಿರುತ್ತಾರೆ, ಮಕ್ಕಳನ್ನು ಕೂರಿಸಿದ ಗಾಡಿಗಳಿರುತ್ತವೆ. ಹೀಗಾಗಿ ಎಲ್ಲವನ್ನೂ ಕುಗ್ಗಿಸಬೇಕು, ಆದರೆ ಕುಗ್ಗಿದೆ ಎಂದು ಆಡಿದವರಿಗೆ ಅನ್ನಿಸಬಾರದು. ಎಲ್ಲಿ ಕತ್ತರಿಸಿದರೆ ನೋಯುತ್ತದೆ, ಎಲ್ಲಿ ಕತ್ತರಿಸಿದರೆ ಗೊತ್ತೇ ಆಗುವುದಿಲ್ಲ ಎಂಬುದು ತಮ್ಮನಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಬಾವಿಯಿಂದ ಮೊದಲ ಕದದ ದಾರಿಯನ್ನು ಅರ್ಧ ಮಾಡಿ, ಯಾರೂ ಕೇಳುವುದಿಲ್ಲ ಎಂದು ಬರೆದ. ತೂಗುಸೇತುವೆಯ ಒಂದು ಹಲಗೆಯನ್ನೂ ಮುಟ್ಟಬೇಡಿ ಎಂದ. ಸೇತುವೆ ಅಲ್ಲಾಡಬೇಕು, ಆದರೆ ನಡುವಿನ ಮೂರು ಹಲಗೆ ಮಾತ್ರ, ಅದೂ ಹಿಂದೆ ಯಾರಾದರೂ ಬರುತ್ತಿದ್ದರೆ ಮಾತ್ರ. ಬಂದವರ ಕೈಗೆ ಒಂದು ಪಟ್ಟಿ ಕಟ್ಟುತ್ತಾರೆ, ಅದನ್ನು ಮುಟ್ಟಿಸಿದರೆ ಕದ ತೆರೆಯುತ್ತದೆ ಎಂದು ಅಕ್ಕ ತಿಳಿಸಿದಾಗ ಅವನು ಎರಡು ಹಾಳೆ ತುಂಬ ಬರೆದ. ಗೇಮಿನ ಕದಕಾಯುವ ಮುದುಕ ಎಲ್ಲರನ್ನೂ ಹೊಗಳುವುದಿಲ್ಲ. ಎರಡನೆಯ ಸಲ ಬಂದವರಿಗೆ ಮಾತ್ರ ‘ಮತ್ತೆ ಬಂದೆಯಾ’ ಎನ್ನುತ್ತಾನೆ, ಅಷ್ಟೇ. ಪಟ್ಟಿಗೆ ನೆನಪಿರುವುದಾದರೆ ಪಾರ್ಕಿನ ಮುದುಕನೂ ಹಾಗೇ ಮಾಡಲಿ, ವರ್ಷ ಬಿಟ್ಟು ಬಂದವನನ್ನೂ ಗುರುತಿಸಲಿ. ಕೊನೆಯಲ್ಲಿ, ನಿಮ್ಮ ಕಲಾವಿದರು ಗೇಮ್ ಆಡಿದ್ದಾರಾ ಇಲ್ಲ ಡಬ್ಬದ ಮೇಲಿನ ಚಿತ್ರ ನೋಡಿ ಎದ್ದು ಬಂದಿದ್ದಾರಾ ಎಂದು ಒಂದು ಸಾಲು.

ಮುದುಕನ ಸಂಗತಿ ಯೋಜನೆಯ ಮುಖ್ಯಸ್ಥೆಗೆ ಬಹಳ ಹಿಡಿಸಿತು. ಇದನ್ನೆಲ್ಲ ಹೇಳುತ್ತಿರುವವರು ಯಾರು ಎಂದು ಅವರು ಕೇಳಿದರು. ನನ್ನ ತಮ್ಮ, ಮನೆಯಿಂದಲೇ ಕೆಲಸ ಮಾಡುತ್ತಾನೆ ಎಂದು ಅಕ್ಕ ಹೇಳಿದಳು. ಸಂಜೆ ಅದನ್ನು ಬಾಗಿಲಿಗೆ ವರದಿ ಮಾಡಿದಾಗ ಒಳಗಿನಿಂದ ಒಂದು ಸದ್ದು ಬಂತು. ಕೆಮ್ಮಿರಬೇಕು ಎಂದುಕೊಂಡಳು. ಅಡುಗೆಮನೆಯಲ್ಲಿ ಅಮ್ಮ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಓಡಿ ಬಂದು, ಅವನು ನಕ್ಕ ಎಂದಳು.

ಎರಡನೆಯ ತಿಂಗಳಲ್ಲಿ ಚೀಟಿ ಹೋಗಿ ಮಾತು ಬಂತು. ಅವನು ಒಳಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದ, ಅವಳು ಹೊರಗೆ. ಹಾಗೆ ಕೂತಿದ್ದಾಗ ಒಮ್ಮೆ ಅವನು ಮೆಟ್ಟಿಲಿನ ವಿಷಯ ಹೇಳಿದ. ಮೂರನೆಯ ಭಾಗದಲ್ಲಿ ಗಿರಣಿಯ ಹಿಂದೆ ಹೊಳೆಗಿಳಿಯುವ ಐದು ಮೆಟ್ಟಿಲಿವೆ. ಅಲ್ಲಿಗೆ ಮಬ್ಬು ಬರುವುದಿಲ್ಲ. ತೆಗೆಯಲು ಕದವಿಲ್ಲ, ಗಳಿಸಲು ಅಂಕವಿಲ್ಲ. ಏನೋ ಇಡಬೇಕೆಂದುಕೊಂಡು ಮಾಡಿದವರೇ ಮರೆತಿರಬೇಕು. ಬೇರೆಲ್ಲ ಕಡೆ ಹೊತ್ತು ಏರಿ ಇಳಿದರೂ ಆ ಮೂಲೆಯಲ್ಲಿ ಸದಾ ಇಳಿಮಧ್ಯಾಹ್ನ.

“ನೀವು ನಾನು ಇಡೀ ದಿನ ಆಡ್ತೀನಿ ಅಂದ್ಕೊಂಡಿದ್ದೀರಿ,” ಎಂದ. “ಆಡಿ ಮುಗಿಸಿ ನಾಲ್ಕು ವರ್ಷ ಆಯ್ತು ಕಣೇ. ಅಲ್ಲಿ ಹೋಗಿ ಕೂತಿರ್ತೀನಿ. ಅಲ್ಲಿ ಯಾರೂ ನನ್ನ ಏನೂ ಕೇಳಲ್ಲ.”

ಅಕ್ಕ ಆ ಮೆಟ್ಟಿಲನ್ನು ನಕ್ಷೆಗೆ ಸೇರಿಸಿದಳು. ಯಾರೂ ತಕರಾರು ಮಾಡಲಿಲ್ಲ. ಅದಕ್ಕೆ 31 ಎಂಬ ಸಂಖ್ಯೆಯೂ ಸಿಕ್ಕಿತು.

ಈ ಕಂಪನಿಯಲ್ಲಿ ಒಂದು ಪದ್ಧತಿಯಿದೆ. ಇಟ್ಟಿಗೆ ಇಡುವ ಮೊದಲು, ಹಳೆಯ ಗೋದಾಮೊಂದರ ನೆಲದ ಮೇಲೆ ಇಡೀ ನಕ್ಷೆಯನ್ನು ಬಣ್ಣದ ಟೇಪಿನಲ್ಲಿ ನಿಜವಾದ ಅಳತೆಗೆ ಅಂಟಿಸುತ್ತಾರೆ. ಗೋಡೆಗೆ ಕೆಂಪು, ಮುಟ್ಟಿದರೆ ಸ್ಪಂದಿಸುವ ಜಾಗಗಳಿಗೆ ಹಳದಿ, ಜನರ ಕಣ್ಣಿಗೆ ಬೀಳಬಾರದ ಕೋಣೆಗಳಿಗೆ ಬಿಳಿ. ಪ್ರತಿಯೊಂದರ ಮೂಲೆಯಲ್ಲಿ ನಕ್ಷೆಯ ಸಂಖ್ಯೆ ಬರೆದ ಚೀಟಿ. ನೂರರೊಳಗಿನ ಸಂಖ್ಯೆಗಳು ಬಂದುಹೋಗುವ ಜನರ ಜಾಗಗಳಿಗೆ. ನಾನೂರರ ಸಂಖ್ಯೆಗಳು ಪಂಪು, ವಿದ್ಯುತ್, ಕಸದ ಕೋಣೆಗಳಿಗೆ. ಕದಕ್ಕೆ ಬದಲು ಒಂದು ಕುರ್ಚಿ, ಮುದುಕನಿಗೆ ಬದಲು ಲೆಕ್ಕಪತ್ರ ವಿಭಾಗದ ಯಾರೋ ಒಬ್ಬರು. ನಂತರ ಹೊರಗಿನ ಇಪ್ಪತ್ತು ಮೂವತ್ತು ಮಂದಿಯನ್ನು ಕರೆಸಿ ಅದರಲ್ಲಿ ನಡೆಸುತ್ತಾರೆ. ಒಬ್ಬೊಬ್ಬರ ಹಿಂದೆ ಒಬ್ಬ ನೋಡುಗ ಹೋಗಿ, ಅವರು ಎಲ್ಲಿ ನಿಂತರು, ಎಷ್ಟು ಹೊತ್ತು, ಯಾಕೆ ಎಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾನೆ.

ಆ ನಡಿಗೆಗೆ ನೀನು ಬಾರೋ ಎಂದು ಅಕ್ಕ ತಮ್ಮನನ್ನು ಕೇಳಿದಳು. ಕೇಳಿದ ಮೇಲೆ ನಾಲ್ಕು ದಿನ ಬಾಗಿಲ ಹಿಂದಿನ ಮಾತು ನಿಂತುಹೋಯಿತು. ಕೆಡಿಸಿಬಿಟ್ಟೆ ಎಂದು ಅವಳು ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು. ಐದನೆಯ ದಿನ ಅವನು, ಮೆಟ್ಟಿಲು ಇರುತ್ತಾ ಎಂದು ಕೇಳಿದ.

“ಇರುತ್ತೆ,” ಎಂದಳು.

ಅದು ಸತ್ಯವೇ ಆಗಿತ್ತು. ಮೂವತ್ತೊಂದನೆಯ ಸಂಖ್ಯೆ ಅಂದು ನಕ್ಷೆಯಲ್ಲಿತ್ತು.

ಮರುದಿನ ಅವನು ಅಮ್ಮನಿಗೆ ಚೀಟಿ ಹಾಕಿ ಶೂ ತರಿಸಿಕೊಂಡ. ಹಳೆಯದರ ಅಟ್ಟೆ ಕಿತ್ತುಬಂದಿತ್ತು. ಒಂಬತ್ತನೆಯ ನಂಬರ್, ಕಪ್ಪು, ಲೇಸ್ ಇರುವುದು. ಅಂಗಡಿಯಲ್ಲಿ ಅಮ್ಮ ಆ ಚೀಟಿಯನ್ನೇ ತೋರಿಸಿ ಶೂ ಕೊಂಡಳಂತೆ. ಅಂದಿನಿಂದ ಕೋಣೆಯೊಳಗೆ ಹೊಸ ಶೂ ನೆಲಕ್ಕೆ ಒತ್ತುವ ಸದ್ದು ಕೇಳಿಸತೊಡಗಿತು. ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಕಿಟಕಿಗೆ. ಅಭ್ಯಾಸ ಮಾಡುತ್ತಿದ್ದ.

ನಡಿಗೆಗೆ ಒಂಬತ್ತು ದಿನ ಇರುವಾಗ ಮುಖ್ಯಸ್ಥೆ ನಕ್ಷೆಯ ಕೊನೆಯ ಪರಿಶೀಲನೆಗೆ ಕೂತರು. ಕೆಟ್ಟವರಲ್ಲ, ಕೆಲಸ ಬಲ್ಲವರು. ಅವರದೊಂದು ನಿಯಮವಿತ್ತು: ಬಂದವರು ಆರು ಮೀಟರ್ ನಡೆಯುವುದರೊಳಗೆ ಏನಾದರೊಂದು ಸ್ಪಂದಿಸಬೇಕು. ಆರು ಮೀಟರಿಗಿಂತ ಹೆಚ್ಚು ಸುಮ್ಮನಿದ್ದರೆ ಜನ ಫೋನ್ ತೆಗೆಯುತ್ತಾರೆ. ಹಿಂದಿನ ನಾಲ್ಕು ಪಾರ್ಕುಗಳಲ್ಲಿ ಅಳೆದು ನೋಡಿದ್ದರು. ಜತೆಗೆ, ಕೊಳಚೆ ನೀರೆತ್ತುವ ಪಂಪಿಗೆ ಇಟ್ಟಿದ್ದ ಜಾಗ ಎತ್ತರವಾಯಿತೆಂದು ಎಂಜಿನಿಯರ್‌ಗಳು ಅದನ್ನು ಕೆಳಗೆ ತರಬೇಕೆಂದಿದ್ದರು. ಇಡೀ ನಿವೇಶನದಲ್ಲಿ ಅತ್ಯಂತ ತಗ್ಗಿನ ಜಾಗ ಗಿರಣಿಯ ಹಿಂದೆ.

ಮೂವತ್ತೊಂದರಲ್ಲಿ ಏನಾಗುತ್ತದೆ ಎಂದು ಮುಖ್ಯಸ್ಥೆ ಕೇಳಿದರು.

“ಏನೂ ಆಗಲ್ಲ,” ಎಂದಳು ಅಕ್ಕ.

“ಅದೇ ತೊಂದರೆ,” ಎಂದರು ಅವರು, ಬೇಸರವಿಲ್ಲದೆ.

ಅಕ್ಕ ವಾದಿಸಿದಳು. ಗೇಮಿನಲ್ಲಿ ಅದಿದೆ, ಅಲ್ಲಿ ಹೋಗಿ ಕೂರುವವರಿದ್ದಾರೆ ಎಂದಳು. ಎಷ್ಟು ಮಂದಿ ಎಂದು ಅವರು ಕೇಳಿದಾಗ ಅವಳ ಬಳಿ ಒಂದೇ ಸಂಖ್ಯೆಯಿತ್ತು. ಅಳತೆಯವಳಾಗಿ ಆ ಸಂಖ್ಯೆಯನ್ನು ಹಿಡಿದು ವಾದ ಮುಂದುವರಿಸಲು ಅವಳಿಂದ ಆಗಲಿಲ್ಲ. ಮೂವತ್ತೊಂದು ಹೋಯಿತು. ಆ ಜಾಗಕ್ಕೆ 407 ಬಂತು, ಪಂಪ್ ರೂಮು, ನಾಲ್ಕು ಮೀಟರಿಗೆ ಮೂರು.

ಆ ಸಂಜೆ ಅವಳು ಹೇಳಬೇಕಿತ್ತು. ಬಾಗಿಲ ಮುಂದೆ ಕೂತಳು. ಒಳಗೆ ಶೂ ನಡೆಯುತ್ತಿತ್ತು. ಅಮ್ಮ ಬಂದು ಪಕ್ಕದಲ್ಲಿ ಕೂತು, ಕಿವಿಯ ಹತ್ತಿರ ಬಾಯಿ ತಂದು, ಅವನು ಕನ್ನಡಿ ಕೇಳಿದ್ದಾನೆ, ಗಡ್ಡ ತೆಗೆಯುತ್ತಾನಂತೆ ಎಂದಳು. ಅಕ್ಕ ಎದ್ದುಹೋದಳು. ಮಾರನೆಯ ದಿನವೂ ಹೇಳಲಿಲ್ಲ. ಒಂದು ಸಲ ಹೊರಗೆ ಬರಲಿ, ಒಂದು ಸಲ ಜನರ ನಡುವೆ ನಡೆಯಲಿ, ಆಮೇಲೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಕೂಡಿಸಿದಳು. ಬದುಕಿನಲ್ಲಿ ಮೊದಲ ಸಲ ಅವಳು ಅಳೆಯದೆ ಕೂಡಿಸಿದ ಲೆಕ್ಕ ಅದು.

ಗೋದಾಮಿನಲ್ಲಿ ಟೇಪು ಅಂಟಿಸುವವರನ್ನು ಎಲ್ಲರೂ ಗೆರೆಯಣ್ಣ ಎಂದು ಕರೆಯುತ್ತಿದ್ದರು. ಐವತ್ತೆಂಟು ವರ್ಷ, ಎರಡೂ ಮಂಡಿಗೆ ಚರ್ಮದ ಪಟ್ಟಿ ಕಟ್ಟಿಕೊಂಡು ದಿನವಿಡೀ ನೆಲದ ಮೇಲೆ ಹರಿದಾಡುವವರು. ನಡಿಗೆಯ ಹಿಂದಿನ ಮಧ್ಯಾಹ್ನ ಅಕ್ಕ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಪಂಪ್ ರೂಮಿನ ಬಿಳಿ ಗೆರೆ ಎತ್ತಿ ಅಲ್ಲಿ ಐದು ಮೆಟ್ಟಿಲು ಅಂಟಿಸಿಕೊಡಿ, ನಾಳೆ ಸಂಜೆಗೆ ಕಿತ್ತುಬಿಡೋಣ ಎಂದು ಕೇಳಿದಳು. ಅವರು ಹಲ್ಲಿನಿಂದ ಟೇಪು ಹರಿಯುತ್ತಿದ್ದವರು ಹಾಗೇ ನಿಂತರು.

“ಇಪ್ಪತ್ತಾರು ವರ್ಷದಲ್ಲಿ ನಕ್ಷೆಯಲ್ಲಿಲ್ಲದ್ದನ್ನ ಒಂದು ಬೆರಳಗಲ ಅಂಟಿಸಿಲ್ಲಮ್ಮ ನಾನು,” ಎಂದರು. “ಯಾರಿಗೆ ಇದು?”

ತಮ್ಮನಿಗೆ ಎಂದಳು. ಗೆರೆಯಣ್ಣನಿಗೆ ಅವನ ವಿಷಯ ಅಷ್ಟಿಷ್ಟು ಗೊತ್ತಿತ್ತು. ಮತ್ತೇನೂ ಕೇಳಲಿಲ್ಲ. ಅವಳು ಅಳತೆ ಹೇಳುತ್ತ ಹೋದಳು, ಅವರು ಅಂಟಿಸುತ್ತ ಹೋದರು: ಅಗಲ ಒಂದು ಮೀಟರ್ ಅರವತ್ತು, ಪ್ರತಿ ಮೆಟ್ಟಿಲು ಇಪ್ಪತ್ತೆಂಟು ಸೆಂಟಿಮೀಟರ್. ಅವಳು ಬೇರೆ ಕೆಲಸಕ್ಕೆ ಹೋದ ಮೇಲೆ ಅವರು ಗೆರೆಗಳನ್ನು ಬಟ್ಟೆಯಿಂದ ಒತ್ತಿ, ಕೊನೆಗೆ ಜೇಬಿನಿಂದ ಪೆನ್ನು ತೆಗೆದು ಮೂಲೆಗೆ ಸಂಖ್ಯೆಯ ಚೀಟಿ ಹಚ್ಚಿದರು. ಸಂಖ್ಯೆಯಿಲ್ಲದ ಗೆರೆಯನ್ನು ಅವರು ಎಂದೂ ಬಿಟ್ಟುಹೋದವರಲ್ಲ. ಒಂದು ಕೋಣೆಯ ಎಲ್ಲೆಯೊಳಗೆ ಹೊಸದೇನು ಬಂದರೂ ಆ ಕೋಣೆಯ ಸಂಖ್ಯೆಗೆ ಒಂದಕ್ಷರ ಸೇರಿಸಬೇಕು ಎಂಬುದು ನಿಯಮ. 407-ಎ ಎಂದು ಬರೆದರು. ಅಕ್ಷರಗಳು ದುಂಡಗೆ, ದೂರದಿಂದ ಓದುವಂತಿದ್ದವು.

ಗುರುವಾರ ಬೆಳಿಗ್ಗೆ ಹತ್ತೂ ಕಾಲಿಗೆ ತಮ್ಮ ಬಾಗಿಲು ತೆಗೆದ. ಅಮ್ಮನನ್ನು ಅಡುಗೆಮನೆ ಬಿಟ್ಟು ಬರಬಾರದೆಂದು ಅಕ್ಕ ಮೊದಲೇ ಕೇಳಿಕೊಂಡಿದ್ದಳು. ಅಮ್ಮ ಬರಲಿಲ್ಲ, ಆದರೆ ಪಾತ್ರೆಗಳ ಸದ್ದು ನಿಂತುಹೋಯಿತು. ಅವನು ಮೂವತ್ತನಾಲ್ಕರವನು. ಗಡ್ಡ ತೆಗೆದ ಕಡೆ ಚರ್ಮ ಕಾಗದದಂತಿತ್ತು, ಅಂಗಿಯ ಭುಜ ಸಡಿಲವಾಗಿ ಜೋಲುತ್ತಿತ್ತು. ಟ್ಯಾಕ್ಸಿಯಲ್ಲಿ ಒಂದು ಕೈ ಬಾಗಿಲ ಹಿಡಿಯನ್ನು ಬಿಡಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಮನೆಯ ಕಾಂಪೌಂಡಿನತ್ತ ನೋಡಿ, ಆ ಮೀಟರಿನ ಗಾಜು ಬದಲಾಯಿಸಿದ್ದಾರೆ ಎಂದ. ದಾರಿಯುದ್ದಕ್ಕೂ ಅವನಾಡಿದ್ದು ಅಷ್ಟೇ.

ಅವನ ಸರದಿ ಹನ್ನೊಂದು ಇಪ್ಪತ್ತಕ್ಕೆ. ಸಂಬಂಧಿಕರು ನೋಡುಗರಾಗುವಂತಿರಲಿಲ್ಲ, ಹಾಗಾಗಿ ಚಿತ್ರ ವಿಭಾಗದ ಹುಡುಗಿಯೊಬ್ಬಳು ಹಾಳೆ ಹಿಡಿದು ಅವನ ಹಿಂದೆ ಹೊರಟಳು. ಅಕ್ಕ ಮೇಲಿನ ಕಬ್ಬಿಣದ ಜಗಲಿಯಲ್ಲಿ ನಿಂತಿದ್ದಳು. ಮೊದಲಿಗೆ ಅವನು ಗೋದಾಮಿನ ಗೋಡೆಗೆ ಅಂಟಿಕೊಂಡೇ ನಡೆದ. ಬಾವಿಯ ವೃತ್ತದ ಹತ್ತಿರ ನಿಂತು ನೆಲ ನೋಡಿದ. ಆಮೇಲೆ ಗೋಡೆ ಬಿಟ್ಟ. ಮೊದಲ ಕದದಲ್ಲಿ, ಅಂದರೆ ಮೊದಲ ಕುರ್ಚಿಯಲ್ಲಿ, ಲೆಕ್ಕಪತ್ರದವರು ಕೈಯಲ್ಲಿದ್ದ ಕಾಗದ ನೋಡಿಕೊಂಡು ಮುದುಕನ ಮಾತು ಓದಿದರು. ತಮ್ಮ ಅವರನ್ನು ತಿದ್ದಿದ. ಅವರು ಮತ್ತೆ ಓದಿದರು. ಅವನು ನಕ್ಕ. ಇಪ್ಪತ್ತು ಮೀಟರ್ ದೂರದಿಂದ ಅಕ್ಕನಿಗೆ ಅವನ ಹಲ್ಲು ಕಾಣಿಸಿತು.

ಸೇತುವೆಯೆಂದು ಎಳೆದ ಎರಡು ಗೆರೆಗಳ ನಡುವೆ ಅವನು ಗೇಮಿನ ಅಂಬಿಗನಂತೆಯೇ ನಡುವಿನ ಮೂರು ಹಲಗೆಗಳ ಮೇಲೆ ತೂಗಿ ತೂಗಿ ಹೆಜ್ಜೆಯಿಟ್ಟು ದಾಟಿದ. ಜಗಲಿಯ ಮೇಲೆ ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ನೋಡಿದರು. ಇಲ್ಲದ ಹಲಗೆ ಅವನ ಕಾಲ ಕೆಳಗೆ ಅಲ್ಲಾಡಿದ್ದು ಅವರಿಗೂ ಕಂಡಿತು. ಮುಖ್ಯಸ್ಥೆ ಅಕ್ಕನ ತೋಳು ಮುಟ್ಟಿ, ನಿಮ್ಮ ತಮ್ಮನಾ ಎಂದು ಕೇಳಿದರು. ಹೌದು ಎನ್ನುವಾಗ ಅಕ್ಕನಿಗೆ ಐದು ವರ್ಷದಲ್ಲಿ ಬಾರದ ಒಂದು ಹೆಮ್ಮೆ ಬಂತು.

ಗಿರಣಿಯ ಮೂಲೆ ತಿರುಗಿ ಅವನು ಮೆಟ್ಟಿಲಿಗೆ ಬಂದ. ಐದೂ ಗೆರೆಗಳನ್ನು ಒಂದೊಂದೇ ಹೆಜ್ಜೆಯಿಟ್ಟು ಇಳಿದ. ನೆಲ ಚಪ್ಪಟೆಯಾಗಿದ್ದರೂ ಇಳಿದಂತೆಯೇ ಮಂಡಿ ಮಡಿಸಿದ. ಮತ್ತೆ ಎರಡು ಗೆರೆ ಹಿಂದಕ್ಕೆ ಹತ್ತಿ, ಮೂರನೆಯದರ ಮೇಲೆ ಕೂತ. ಕೈಗಳನ್ನು ಹಿಂದೆ ಊರಿ ಮುಖ ಮೇಲೆತ್ತಿದ. ಗೋದಾಮಿನ ತಗಡಿನ ಮಾಡಿನಲ್ಲಿ ಬೆಳಕಿಗೆಂದು ಕೂರಿಸಿದ ಗಾಜಿತ್ತು. ಹಿಂದೆ ಹಾಳೆ ಹಿಡಿದವಳು ಗೌರವದಿಂದ ನಾಲ್ಕು ಹೆಜ್ಜೆ ದೂರ ನಿಂತಳು. ಒಂದು ನಿಮಿಷ, ಎರಡು, ನಾಲ್ಕು. ಅವನ ಹೆಗಲು ಇಳಿಯುತ್ತಿದ್ದುದನ್ನು ಅಕ್ಕ ನೋಡಿದಳು.

ಆಮೇಲೆ ಅವನ ಕೈ ಏನನ್ನೋ ತಡವಿತು. ಬಾಗಿ ನೋಡಿದ. ನೂರಾ ನಲವತ್ತು ಮನೆಗಳಲ್ಲಿ ದಿನಾ ಮೊದಲು ಸಂಖ್ಯೆ ನೋಡಿ ಆಮೇಲೆ ಮನೆ ನೋಡುತ್ತಿದ್ದವನು. ನಕ್ಷೆಯ ಹಾಳೆಗಳನ್ನೆಲ್ಲ ಅವಳೇ ಎರಡು ತಿಂಗಳಿಂದ ಬಾಗಿಲ ಸಂದಿಯಿಂದ ಒಳಗೆ ತಳ್ಳಿದ್ದಳು. ನಾನೂರರ ಸಂಖ್ಯೆಗಳು ಎಂಥ ಕೋಣೆಗಳಿಗೆ ಎಂಬುದು ಅವನಿಗೆ ಗೊತ್ತಿತ್ತು.

ಅಕ್ಕ ಕಬ್ಬಿಣದ ಏಣಿ ಇಳಿದು ಹೋಗುವಷ್ಟರಲ್ಲಿ ಅವನು ಎದ್ದು ನಿಂತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ. ಅದಿದ್ದರೆ ಚೆನ್ನಾಗಿತ್ತು.

“ನಾನೂರ ಏಳು ಏನದು?” ಎಂದು ಕೇಳಿದ.

ಅವಳು ಬಾಗಿ ಮೂಲೆಯ ಚೀಟಿ ನೋಡಿದಳು.

“ಅಕ್ಕ. ಏನದು?”

“ಪಂಪ್ ರೂಮು,” ಎಂದಳು.

“ಯಾವಾಗಿಂದ?”

“ಒಂಬತ್ತು ದಿನ ಆಯ್ತು. ಹೇಳಿದ್ರೆ ನೀನು ಬರಲ್ಲ ಅಂತ…”

ಅವನು ತಲೆಯಾಡಿಸಿದ, ಲೆಕ್ಕ ತಾಳೆಯಾಯಿತು ಎಂಬಂತೆ. ನೋಡುಗ ಹುಡುಗಿ ಕೇಳಿಸದವಳಂತೆ ಹಾಳೆ ಮಗುಚುತ್ತಿದ್ದಳು.

“ಹೇಳಿದ್ರೂ ಬರ್ತಿದ್ದೆ,” ಎಂದ.

ಅದು ನಿಜವೋ, ಅವಳನ್ನು ನೋಯಿಸಲು ಆಡಿದ್ದೋ, ಇಲ್ಲ ನೋಯದಿರಲಿ ಎಂದು ಆಡಿದ್ದೋ ಎಂದು ಅಕ್ಕನಿಗೆ ಅಂದೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಅವನು ಆ ಹುಡುಗಿಯತ್ತ ತಿರುಗಿ, ಕಾಯಿಸಿದ್ದಕ್ಕೆ ಕ್ಷಮಿಸಿ, ಮುಂದಿನದು ಮೂವತ್ತೆರಡು ಅಲ್ಲವೇ ಎಂದ. ಉಳಿದ ದಾರಿಯನ್ನೆಲ್ಲ ನಡೆದ. ಒಂದು ಕದವನ್ನೂ ಬಿಡಲಿಲ್ಲ, ಪ್ರತಿ ಕುರ್ಚಿಗೂ ಕೈಪಟ್ಟಿ ಮುಟ್ಟಿಸಿದ. ಕೊನೆಯಲ್ಲಿ ಪಟ್ಟಿ ಬಿಚ್ಚಿ, ಮಡಿಸಿ, ಮೇಜಿನ ಮೇಲಿಟ್ಟ. ಟ್ಯಾಕ್ಸಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ. ಮನೆಯಲ್ಲಿ ಶೂ ಬಿಚ್ಚಿ ಗೋಡೆಗೆ ಒತ್ತಾಗಿ ಜೋಡಿಸಿದ. ನಗುಮುಖದಿಂದ ಎದುರು ಬಂದ ಅಮ್ಮನ ಪಕ್ಕದಿಂದ ಹಾದು ಒಳಗೆ ಹೋದ.

ಸೋಮವಾರ ವರದಿಯ ಸಭೆ ನಡೆಯಿತು. ಇಪ್ಪತ್ತೆರಡು ಮಂದಿಯಲ್ಲಿ ಅತ್ಯುತ್ತಮ ನಡಿಗೆ ತಮ್ಮನದೆಂದು ತೀರ್ಮಾನವಾಯಿತು: ಐವತ್ತೊಂದು ನಿಮಿಷ, ಏಳಕ್ಕೆ ಏಳೂ ಕದ. ಒಂದೇ ಒಂದು ಅಸಹಜ ನಿಲುಗಡೆ, 407-ಎ ಬಳಿ, ಒಂಬತ್ತು ನಿಮಿಷ. ಕಾರಣದ ಅಂಕಣದಲ್ಲಿ ಆ ಹುಡುಗಿ ‘ಸುಮ್ಮನೆ ಕುಳಿತರು’ ಎಂದು ಬರೆದು, ಮುಂದಿನದನ್ನು ಬರೆಯದೆ ಬಿಟ್ಟಿದ್ದಳು. ಈ 407-ಎ ಎಲ್ಲಿಂದ ಬಂತು ಎಂದು ಮುಖ್ಯಸ್ಥೆ ಕೇಳಿದರು. ಅಕ್ಕ ಎದ್ದು ನಿಂತು, ನಾನು ಹಾಕಿಸಿದ್ದು, ಗೆರೆಯಣ್ಣನ ತಪ್ಪಿಲ್ಲ ಎಂದಳು. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಏನೂ ಇಲ್ಲದ ಜಾಗದಲ್ಲೇ ಒಬ್ಬ ಒಂಬತ್ತು ನಿಮಿಷ ನಿಂತನೆಂದರೆ, ಏನಾದರೂ ಇಟ್ಟರೆ ಎಷ್ಟು ಹೊತ್ತು ನಿಲ್ಲಬಹುದು ಯೋಚಿಸಿ ಎಂದರು. ಪಂಪ್ ರೂಮಿನ ಹೊರಗೋಡೆಗೆ ಒಂದು ಕಪ್ಪೆ ಕೂರಿಸುವುದೆಂದು ಅಲ್ಲೇ ನಿರ್ಧಾರವಾಯಿತು. ಕೈಪಟ್ಟಿ ಮುಟ್ಟಿಸಿದರೆ ಅದು ಬಂದವರ ಹೆಸರು ಹಿಡಿದು ಕರೆದು, ಏನು ಮಾಡುತ್ತಿದ್ದೀಯ, ಮುಂದಿನ ಕದ ಆ ಕಡೆ ಎನ್ನುತ್ತದೆ. ಖಾಲಿ ಬಿದ್ದಿದ್ದ 31 ಎಂಬ ಸಂಖ್ಯೆಯನ್ನು ಕಪ್ಪೆಗೆ ಕೊಟ್ಟರು. ನಿಮ್ಮ ತಮ್ಮನಿಗೆ ನಮ್ಮೆಲ್ಲರ ಪರವಾಗಿ ಧನ್ಯವಾದ ಹೇಳಿ ಎಂದು ಮುಖ್ಯಸ್ಥೆ ಅಕ್ಕನಿಗೆ ಹೇಳಿದರು. ಅದನ್ನವರು ಮನಸಾರೆ ಹೇಳಿದರು. ಕಪ್ಪೆಯ ಅಳತೆ ತೆಗೆಯುವ ಕೆಲಸ ಅಕ್ಕನಿಗೇ ಬಂತು.

ಬಾಗಿಲಿನಿಂದ ಮತ್ತೆ ಚೀಟಿ ಬರಲಿಲ್ಲ. ‘ಹೂಂ’ ಕೂಡ ಬರಲಿಲ್ಲ. ತಟ್ಟೆಗಳು ಅರ್ಧ ಹಾಗೇ ಹೊರಗೆ ಬರತೊಡಗಿದವು. ಇಪ್ಪತ್ತನೆಯ ದಿನ ಅಮ್ಮ, ಅಕ್ಕ ಇಬ್ಬರೂ ಹೊರಗೆ ಹೋಗಿದ್ದಾಗ ಅವನು ಗೇಮಿನ ಯಂತ್ರವನ್ನು, ತಂತಿಗಳನ್ನೆಲ್ಲ ನೀಟಾಗಿ ಸುತ್ತಿ, ಕೋಣೆಯ ಹೊರಗೆ ಇಟ್ಟಿದ್ದ. ಅಮ್ಮನಿಗೆ ಖುಷಿಯೋ ಖುಷಿ. ಹಾಳು ಯಂತ್ರ ಬಿಟ್ಟ, ಇನ್ನೇನು ಹೊರಗೆ ಬಂದೇಬಿಡುತ್ತಾನೆ ಎಂದು ಅದರ ಮೇಲಿನ ಧೂಳೊರಸಿ ಕಪಾಟಿನ ಮೇಲಿಟ್ಟಳು. ಯಂತ್ರ ಹೊರಗಿದ್ದರೆ ಅವನು ಈಗ ಹೋಗಿ ಕೂರುವುದೆಲ್ಲಿ? ಆ ಕೋಣೆಯ ಅಳತೆ ಅಕ್ಕನಿಗೆ ಗೊತ್ತಿತ್ತು. ಮೂರು ಮೀಟರಿಗೆ ಎರಡೂ ಮುಕ್ಕಾಲು, ಒಂದು ಮಂಚ, ಒಂದು ಕಿಟಕಿ, ಅದಕ್ಕೂ ಪರದೆ.

ಅಂದು ಸಂಜೆ ಅವಳು ಬಾಗಿಲ ಹೊರಗೆ ಕೂತು ಎಲ್ಲವನ್ನೂ ಹೇಳಿದಳು. ಯಾವ ದಿನ ಮೆಟ್ಟಿಲು ತೆಗೆದರು, ಯಾರು ಏನೆಂದರು, ತಾನು ಎಷ್ಟು ಹೊತ್ತು ವಾದಿಸಿದೆ, ಎಲ್ಲಿ ಬಾಯಿ ಮುಚ್ಚಿದೆ, ಗೆರೆಯಣ್ಣನಿಗೆ ಏನು ಹೇಳಿ ಒಪ್ಪಿಸಿದೆ. ಕಪ್ಪೆಯ ವಿಷಯವನ್ನೂ ಹೇಳಿದಳು. ಬಚ್ಚಿಡಬೇಕೆಂದು ನಾಲಿಗೆ ಒಂದು ಕ್ಷಣ ತಡೆಯಿತು, ಆದರೂ ಹೇಳಿದಳು. ಕಾದಳು. ಮರುದಿನ ಮತ್ತೆ ಹೋಗಿ ಕೂತಳು, ಅಂದಿನದನ್ನು ಹೇಳಿದಳು. ಹೀಗೆ ಅಡಿಪಾಯ ಮುಗಿಯಿತು, ಗೋಡೆಗಳು ಎದ್ದವು. ಅವಳು ಒಂದು ದಿನವೂ ತಪ್ಪಿಸಲಿಲ್ಲ, ಒಂದು ಅಂಕಿಯನ್ನೂ ತಿದ್ದಲಿಲ್ಲ, ಒಳ್ಳೆಯದನ್ನು ಹೆಚ್ಚಿಸಿ ಹೇಳಲಿಲ್ಲ.

ನಡಿಗೆಯಾದ ಏಳನೆಯ ತಿಂಗಳಲ್ಲಿ ಒಂದು ಸಂಜೆ, ಇವತ್ತು ಪಂಪು ಕೂರಿಸಿದರು ಕಣೋ ಎಂದು ಶುರು ಮಾಡಿದಳು. ಗುಂಡಿಯ ಆಳ ಎರಡು ಮೀಟರ್ ನಲವತ್ತು. ಗೋಡೆಯ ದಪ್ಪ ಇಪ್ಪತ್ತು ಸೆಂಟಿಮೀಟರ್. ಸದ್ದು ಹೊರಗೆ ಕೇಳಿಸುವುದಿಲ್ಲ ಎಂದಿದ್ದರು, ಕೇಳಿಸುತ್ತದೆ. ಕಪ್ಪೆಗೆ ನೆಲದಿಂದ ತೊಂಬತ್ತು ಸೆಂಟಿಮೀಟರ್ ಎತ್ತರ ಗುರುತು ಹಾಕಿದೆ, ಮಕ್ಕಳ ಕೈಗೆ ಎಟಕಬೇಕಲ್ಲ. ಇಷ್ಟು ಹೇಳಿ ಬಾಗಿಲಿಗೆ ಕಿವಿಯಿಟ್ಟಳು. ಮಂಚ ಕಿರುಗುಟ್ಟಲಿಲ್ಲ. ಅವನು ಎಚ್ಚರವಾಗಿದ್ದಾನೋ ಮಲಗಿದ್ದಾನೋ, ಕೇಳುತ್ತಿದ್ದಾನೋ ಇಲ್ಲವೋ, ಅಳೆಯಲು ಅವಳ ಬಳಿ ಏನೂ ಇರಲಿಲ್ಲ. ಮತ್ತೆ ಬಾಗಿಲಿಗೆ ಬೆನ್ನು ಕೊಟ್ಟು, ಒಳಚರಂಡಿಯ ಕೊಳವೆ ನೂರಾ ಅರವತ್ತು ಮಿಲಿಮೀಟರಿನದು, ನಾಳೆ ಜೋಡಿಸುತ್ತಾರೆ ಎಂದಳು.